ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ಲಿಂಗ

ಮಕ್ಕಳನ್ನು ಉದ್ಧಾರ ಮಾಡುತ್ತೇವೆಂದು ಹೊರಟವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದಕ್ಕೆ ಕಾರಣ ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾನು ಸೊರಬದಲ್ಲಿ ಕಳೆದ ಎಂಟು ದಿನ. ರಜೆಯಲ್ಲಿ ಖಾಲಿ ಬಿದ್ದಿದ್ದ ಶಾಲೆಯೊಂದರ ಬೆಂಚುಗಳನ್ನೆಲ್ಲ ಹಿಂಭಾಗದಲ್ಲಿ ಒಟ್ಟಿ, ಒಳಗೆ ಚಾಪೆ ಹಾಸಿ, ಅದಕ್ಕೆ ಬಾಲಕಿಯರ ಶಿಬಿರ ಎಂದು ಹೆಸರಿಟ್ಟಿದ್ದರು. ನಮ್ಮದು ಶಿಕಾರಿಪುರದಲ್ಲಿ ಕಿರಾಣಿ ಅಂಗಡಿ. ನನಗೆ ಆಗ ಹನ್ನೆರಡು ವರ್ಷ. ರಜೆಯಿಡೀ ಮೆಣಸಿನಕಾಯಿ ತೊಟ್ಟು ಮುರಿಯುತ್ತಾ ಕೂರುವುದನ್ನು ತಪ್ಪಿಸಿಕೊಳ್ಳಲು ನಾನೇ ಅಪ್ಪನಿಗೆ ದುಂಬಾಲು ಬಿದ್ದು ಹೋದವಳು. ಆ ತಪ್ಪು ನನ್ನದೇ.

ಶಿಬಿರ ನಡೆಸಿದ್ದು ದೊಡ್ಡ ಊರಿನಿಂದ ಬಂದ ಒಬ್ಬ ಅಮ್ಮನವರು. ಗಂಡ ಯಾವುದೋ ಇಲಾಖೆಯಲ್ಲಿ ದೊಡ್ಡ ಅಧಿಕಾರಿಯಂತೆ. ಗಂಜಿ ಹಾಕಿದ ಕೈಮಗ್ಗದ ಸೀರೆ, ಕೊರಳಲ್ಲಿ ಒಂದು ಸೀಟಿ. ಏಳುವುದಕ್ಕೆ ಸೀಟಿ, ಸ್ನಾನಕ್ಕೆ ಸೀಟಿ, ನಗುವುದಕ್ಕೂ ಸೀಟಿ. ಸುಳ್ಳಲ್ಲ, ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಸಂಜೆ ಐದಕ್ಕೆ 'ಉಲ್ಲಾಸ' ಎಂದಿತ್ತು. ಸೀಟಿ ಊದಿದೊಡನೆ ನಾವು ಸಾಲಾಗಿ ನಿಂತು ಹಲ್ಲು ಕಿರಿಯಬೇಕಿತ್ತು. ಒಂದು ದಿನ ಹಕ್ಕಿ ತೋರಿಸುತ್ತೇನೆಂದು ಗುಡವಿಯ ಕೆರೆಗೆ ಕರೆದೊಯ್ದರು. ಮಳೆ ಹಿಡಿದ ಮೇಲೆ ಬರುವ ಹಕ್ಕಿಗಳು ಬಿರುಬೇಸಿಗೆಯಲ್ಲಿ ಎಲ್ಲಿಂದ ಬರಬೇಕು? ಬರೀ ಮರ ತೋರಿಸಿ, ಅದರ ಕೆಳಗೆ ನಿಂತು ಹಕ್ಕಿಗಳ ಬಗ್ಗೆ ಅರ್ಧ ಗಂಟೆ ಭಾಷಣ ಬಿಗಿದು ವಾಪಸು ಕರೆತಂದರು. ಅಲ್ಲೇ ದನ ಮೇಯಿಸುತ್ತಿದ್ದವರನ್ನು ಕೇಳಿದ್ದರೂ ಹೇಳುತ್ತಿದ್ದರು. ಆದರೆ ಅಮ್ಮನವರು ಕೇಳುವ ಪೈಕಿಯಲ್ಲ, ಹೇಳುವ ಪೈಕಿ.

ಅವರಿಗೆ ಸಹಾಯಕ್ಕೆಂದು ಊರಿನ ಟೀಚರೊಬ್ಬರಿದ್ದರು. ಅವರು ನಮ್ಮ ಹಾಗೆಯೇ ಲಿಂಗ ಕಟ್ಟಿಕೊಳ್ಳುವ ಮನೆತನದವರು. ಅಮ್ಮನವರು ಏನು ಹೇಳಿದರೂ "ಹೌದ್ರೀ, ಹೌದ್ರೀ" ಎನ್ನುವುದೇ ಅವರ ಕೆಲಸ.

ನನ್ನ ಪಕ್ಕದ ಚಾಪೆಯಲ್ಲಿ ಎಂಟು ವರ್ಷದ ಒಂದು ಹುಡುಗಿ ಮಲಗುತ್ತಿದ್ದಳು. ಹತ್ತಿರದ ಹಳ್ಳಿಯವಳು, ಶಿಬಿರದಲ್ಲೆಲ್ಲ ಚಿಕ್ಕವಳು. ಮೊದಲ ದಿನ ಅವಳನ್ನು ಬಿಡಲು ಬಂದ ತಾಯಿ ನನ್ನ ಕೈ ಹಿಡಿದುಕೊಂಡು, "ನಿನ್ನ ತಂಗಿ ಅಂತ ತಿಳ್ಕ ಮಾರಾಯ್ತಿ. ಲಿಂಗಪೂಜೆ ಮಾಡ್ದೆ ಒಂದು ತುತ್ತೂ ಬಾಯಿಗೆ ಹಾಕಲ್ಲ ಇದು. ಅಷ್ಟು ನೋಡ್ಕ" ಎಂದಿದ್ದಳು. ನಾನು ದೊಡ್ಡವಳಂತೆ ತಲೆಯಾಡಿಸಿದ್ದೆ.

ನಮ್ಮಲ್ಲಿ ಹೆಣ್ಣುಮಕ್ಕಳಿಗೂ ಚಿಕ್ಕಂದಿನಲ್ಲೇ ಅಯ್ಯನವರು ಲಿಂಗ ಕಟ್ಟುತ್ತಾರೆ. ಗೋಲಿಯಷ್ಟು ದಪ್ಪದ ಲಿಂಗ, ಮೇಲೆ ಕರಿ ಲೇಪ. ಇದ್ದವರು ಬೆಳ್ಳಿಯ ಕರಡಿಗೆಯಲ್ಲಿ, ಇಲ್ಲದವರು ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಊಟಕ್ಕೆ ಮುಂಚೆ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿ ಪೂಜೆ ಮಾಡಬೇಕು. ಒಬ್ಬರದು ಇನ್ನೊಬ್ಬರಿಗೆ ಆಗುವುದಿಲ್ಲ, ಜೀವವಿರುವ ತನಕ ಅದು ಅವರದೇ. ಕಳೆದುಹೋದರೆ ಸಿಗುವವರೆಗೆ ಅನ್ನ ಮುಟ್ಟಬಾರದು. ನಾನು ಈ ಪೂಜೆಯನ್ನು ಅರ್ಧ ನಿಮಿಷದಲ್ಲಿ ಮುಗಿಸಿ ತಟ್ಟೆಗೆ ಕೈ ಹಾಕುವವಳು. ಆ ಹುಡುಗಿ ಹಾಗಲ್ಲ. ಕಣ್ಣು ಮುಚ್ಚಿ ಕೂತಳೆಂದರೆ ಸಾರು ಆರಿಹೋದರೂ ಏಳುತ್ತಿರಲಿಲ್ಲ.

ಆರನೆಯ ದಿನ ಮಧ್ಯಾಹ್ನದ ಊಟವಾದ ಮೇಲೆ ಸೀಟಿ ಮೊಳಗಿತು. ಮರುದಿನ ಕವಾಯತು ನೋಡಲು ದೊಡ್ಡ ಸಾಹೇಬರು ಬರುತ್ತಾರೆ, ಯಾರ ಕೊರಳಲ್ಲೂ ಏನೂ ಇರಕೂಡದು ಎಂದು ಅಪ್ಪಣೆಯಾಯಿತು. "ಜಾತಿಯ ಗುರುತೇ ಇಲ್ಲದ ಮಕ್ಕಳನ್ನು ನಾನು ಅವರಿಗೆ ತೋರಿಸಬೇಕು" ಎಂದರು ಅಮ್ಮನವರು. ತೋರಿಸಬೇಕಂತೆ! ಟೀಚರು ಬಿಸ್ಕತ್ತಿನ ತಗಡಿನ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ಬಂದರು. ಲಿಂಗ ಕಟ್ಟಿಕೊಂಡವರು ನಾವು ಒಂಬತ್ತು ಮಂದಿ. ಎಂಟು ಜನ ಬಿಚ್ಚಿ ಹಾಕಿದೆವು. ಚಿಕ್ಕವಳು ಮಾತ್ರ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು, "ನಂದು ಕೊಡಲ್ಲ" ಎಂದಳು.

"ನಾಳೆ ಕೊಡ್ತೀನಿ ಕಣೇ. ಎಲ್ಲಿಗೆ ಓಡಿಹೋಗ್ತದೆ?" ಎನ್ನುತ್ತಾ ಟೀಚರು ಅವಳ ಬೆರಳು ಬಿಡಿಸಿ ದಾರ ಬಿಚ್ಚಿದರು. ಹಾಗೆ ಬಗ್ಗಿದಾಗ ಅವರ ರವಿಕೆಯೊಳಗಿಂದ ಅವರದೇ ಲಿಂಗದ ಶಿವದಾರ ಇಣುಕಿತು. ಅದು ಡಬ್ಬಿಗೆ ಬೀಳಲಿಲ್ಲ.

ರಾತ್ರಿ ಊಟಕ್ಕೆ ಚಿಕ್ಕವಳು ಬರಲಿಲ್ಲ. ನಾವು ಎಂಟು ಜನ ಉಂಡೆವು. ನನಗೆ ಮೊದಲ ತುತ್ತಿಗೆ ಎದೆ ಡವಡವ ಎಂದಿತು, ಎರಡನೆಯದಕ್ಕೆ ಏನೂ ಅನ್ನಿಸಲಿಲ್ಲ. ಬೆಳಿಗ್ಗೆ ಉಪ್ಪಿಟ್ಟನ್ನೂ ಅವಳು ಮುಟ್ಟದಿದ್ದಾಗ ನಾನೇ ಹೋಗಿ ಅಮ್ಮನವರಿಗೆ ಹೇಳಿದೆ. "ಹಟ. ಹಸಿವಾದರೆ ತಾನೇ ತಿನ್ನುತ್ತಾಳೆ. ಅದೂ ಒಂದು ಶಿಕ್ಷಣ" ಎಂದು ಅವರು ಕನ್ನಡಕ ಒರೆಸಿಕೊಂಡರು.

ಸಾಹೇಬರು ಎರಡು ಗಂಟೆ ತಡವಾಗಿ ಬಂದು ನೆರಳಿನಲ್ಲಿ ಕೂತರು. ನಾವು ಬಿಸಿಲಿನಲ್ಲಿ ಕೈ ಎತ್ತಿ ಇಳಿಸಿದೆವು. ಮುಂದಿನ ಸಾಲಿನಲ್ಲಿದ್ದ ಚಿಕ್ಕವಳು ಎತ್ತಿದ ಕೈ ಇಳಿಸುವಷ್ಟರಲ್ಲಿ ಕುಸಿದು ಕೂತಳು. ನಾನು ಅವಳನ್ನು ಜಗುಲಿಗೆ ಎಳೆದುಕೊಂಡು ಹೋಗಿ ನೀರು ಕುಡಿಸಿದೆ. ಸಾಹೇಬರು ಎಳನೀರು ಕುಡಿದು, ಮಕ್ಕಳಲ್ಲಿ ಶಿಸ್ತು ಚೆನ್ನಾಗಿದೆ ಎಂದು ಹೊಗಳಿ ಜೀಪು ಹತ್ತಿದರು.

ಆಮೇಲೆ ಡಬ್ಬಿ ತೆರೆದರು. ಒಳಗೆ ಒಂಬತ್ತು ಬರಿ ಲಿಂಗಗಳು ಹುಣಸೆಬೀಜದ ಹಾಗೆ ಉರುಳಾಡುತ್ತಿದ್ದವು. ಬೆಳ್ಳಿ ಕಳುವಾದೀತೆಂದು ಅಮ್ಮನವರು ಕರಡಿಗೆಗಳನ್ನು ಖಾಲಿ ಮಾಡಿ, ಒಂದೊಂದಕ್ಕೂ ಹೆಸರಿನ ಚೀಟಿ ಅಂಟಿಸಿ, ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಉಳಿದವರ ಬಟ್ಟೆ ಕೊಳೆಯಾಗಿದೆಯೆಂದು ಬಿಚ್ಚಿಸಿ, ಸೋಪು ಹಾಕಿ ಒಗೆಸಿ, ಇಸ್ತ್ರಿಯನ್ನೂ ಮಾಡಿಸಿದ್ದರು. ಬೆಳ್ಳಿಗೆ ಚೀಟಿ, ಬಟ್ಟೆಗೆ ಸೋಪು, ಲಿಂಗಕ್ಕೆ ಡಬ್ಬಿ. ಅದೆಂಥಾ ಬುದ್ಧಿ ಅಂತೀನಿ!

"ಎಲ್ಲಾ ಒಂದೇ ಥರ ಇವೆಯಲ್ಲ, ಒಂದೊಂದು ತೆಗೆದುಕೊಳ್ಳಿ. ದೇವರು ಒಬ್ಬನೇ ಅಲ್ಲವೇ?" ಎಂದರು ಅಮ್ಮನವರು.

ನಾನು ಟೀಚರ ಮುಖ ನೋಡಿದೆ. ಏನಾಗಿದೆಯೆಂದು ಅಲ್ಲಿದ್ದ ದೊಡ್ಡವರಲ್ಲಿ ಅವರಿಗೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ಈಗಲಾದರೂ ಬಾಯಿ ಬಿಡುತ್ತಾರೆಂದು ಕಾದೆ. "ತಗಳ್ರೇ, ತಗಳ್ರೇ, ಊಟಕ್ಕೆ ಹೊತ್ತಾಯ್ತು" ಎಂದರು ಅವರು. ಥೂ, ಇವರ ಜನ್ಮಕ್ಕಿಷ್ಟು.

ನಾವು ಎಂಟು ಜನ ಒಂದೊಂದು ಎತ್ತಿಕೊಂಡೆವು. ಕೊನೆಗೆ ಉಳಿದದ್ದನ್ನು ಚಿಕ್ಕವಳು ತಿರುಗಿಸಿ ನೋಡಿ, "ಇದು ನಂದಲ್ಲ" ಎಂದು ಡಬ್ಬಿಯಲ್ಲೇ ಇಟ್ಟಳು. ನಮ್ಮೆಲ್ಲರ ಅಂಗೈಗಳನ್ನೂ ನೋಡುತ್ತಾ ಬಂದಳು. ಗುರುತು ಸಿಗಲಿಲ್ಲ. ಗೋಡೆಗೆ ಒರಗಿ ಕೂತಳು, ಮಧ್ಯಾಹ್ನವೂ ಉಣ್ಣಲಿಲ್ಲ. ತುಟಿ ಒಣಗಿ ಬಿರುಕು ಬಿಟ್ಟಿತ್ತು. ಅವಳ ತಾಯಿ ಬರುವುದು ಮರುದಿನ ಸಂಜೆಗೆ.

"ಮೂರು ಗಂಟೆಯವರೆಗೆ ನೋಡಿ. ತಿನ್ನದಿದ್ದರೆ ಇಬ್ಬರು ಹಿಡಿದುಕೊಳ್ಳಿ, ಮೂಗು ಮುಚ್ಚಿ ಹಾಲು ಹುಯ್ಯಿರಿ" ಎಂದು ಅಮ್ಮನವರು ಟೀಚರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹೌದ್ರೀ" ಎಂದರು ಟೀಚರು.

ನಾನು ಬೆಂಚು ಒಟ್ಟಿದ್ದ ಕಡೆಗೆ ಹೋಗಿ, ಲಂಗಕ್ಕೆ ಸಿಕ್ಕಿಸಿದ್ದ ಪಿನ್ನು ತೆಗೆದು, ನನ್ನ ಪಾಲಿಗೆ ಬಂದಿದ್ದ ಲಿಂಗದ ಅಂಚಿನಲ್ಲಿ ಸಣ್ಣದೊಂದು ಗೀರು ಎಳೆದೆ. ಒಳಗೆ ಬಂದು ಅವಳ ಮುಂದೆ ಹಿಡಿದು, "ನಿಂದು ನನಗೆ ಬಂದ್ಬಿಟ್ಟೈತಿ ಕಣೇ. ಇಲ್ಲಿ ಗೀರು ನೋಡು. ನಿಮ್ಮವ್ವನೇ ಆವತ್ತು ನನಗೆ ಗುರುತು ತೋರ್ಸಿದ್ಲು" ಎಂದೆ.

ಅವಳು ಗೀರಿನ ಮೇಲೆ ಬೆರಳಾಡಿಸಿದಳು. ನನ್ನ ಮುಖ ನೋಡಿದಳು. ಎದ್ದು ಕೈಕಾಲು ತೊಳೆದು ಬಂದು, ವಿಭೂತಿ ಹಚ್ಚಿ, ಅಂಗೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಎಂದಿಗಿಂತ ಹೆಚ್ಚು ಹೊತ್ತು ಕೂತಳು. ನಾನು ಅಡುಗೆಯವರ ಕೈಕಾಲು ಹಿಡಿದು, ಆರಿದ ಅನ್ನ, ಸಾರು ತಂದು ಬಡಿಸಿದೆ. ಗಬಗಬ ತಿಂದಳು. ಎರಡನೆಯ ಸಲ ಹಾಕಿದ್ದೂ ಖಾಲಿಯಾಯಿತು. ಈ ದೊಡ್ಡವರ ಕೈಲಾಗದ್ದನ್ನು ನಾನು ಮಾಡಿದೆನೆಂದು ನನಗೆ ಒಳಗೊಳಗೇ ಜಂಬ.

ಆಗ ಅವಳು ತಟ್ಟೆಯಿಂದ ತಲೆಯೆತ್ತದೆ ಹೇಳಿದಳು: "ಗೀರು ಹೊಸದು ಅಕ್ಕಾ. ಕರಿ ಪುಡಿ ಇನ್ನೂ ನಿನ್ನ ಉಗುರಲ್ಲೇ ಐತೆ."

ನಾನು ಕೈಯನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡೆ.

"ಅವ್ವಂಗೆ ಹೇಳಬ್ಯಾಡ" ಎಂದು ತಟ್ಟೆ ಮುಂದೆ ಸರಿಸಿದಳು. "ಇನ್ನೊಂಚೂರು ಅನ್ನ ಹಾಕು."