ಟೇಪಿನ ಇನ್ನೊಂದು ತುದಿ

ಕೆಲವು ವಿವರಗಳು ತಪ್ಪಿರಬಹುದು. ಅಪ್ಪನ ಮಾತ್ರೆ ಹಳದಿ ಬಣ್ಣದ್ದೆಂದು ನನ್ನ ನೆನಪು. ಎಂಬತ್ತರ ದಶಕದ ಶುರುವಿನ ನನ್ನ ಡೈರಿಯಲ್ಲಿ ಬಿಳಿ ಎಂದಿದೆ. ಟೇಪಿನ ವಿಷಯದಲ್ಲಿ ಮಾತ್ರ ಎರಡೂ ಒಂದನ್ನೇ ಹೇಳುತ್ತವೆ.

ಅಪ್ಪ ಗುಬ್ಬಿಯಲ್ಲಿ ಟೈಲರ್. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ, ವರ್ಷದ ಮೇಲೆ ಕತ್ತರಿ ಮುಟ್ಟಿರಲಿಲ್ಲ. ತುಮಕೂರಿನ ಡಾಕ್ಟರು ಬರೆದ ಮಾತ್ರೆ ಆ ಕೈಯನ್ನು ವಾಪಸು ಕೊಟ್ಟಿತು. ಜೊತೆಗೆ ಇಲ್ಲದ ಗಿರಾಕಿಗಳನ್ನೂ ತಂದಿತ್ತೆಂದು ತಿಳಿದದ್ದು, ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ.

ಅಂದು ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಅಪ್ಪ ಖಾಲಿ ಬೆಂಚಿನ ಕಡೆ ತಿರುಗಿ, "ಈ ತುದಿ ಒಸಿ ಹಿಡ್ಕಳಿ ಯಜಮಾನ್ರೇ" ಎಂದು ಟೇಪು ಚಾಚಿದರು. ಅದು ನೆಲಕ್ಕೆ ಬಿತ್ತು. ಸುತ್ತಿ ಕತ್ತಿಗೆ ಹಾಕಿಕೊಂಡು ಮತ್ತೆ ಮೆಷಿನ್ ತುಳಿಯತೊಡಗಿದರು.

"ಯಾರಪ್ಪಾ ಅಲ್ಲಿ?"

"ಪೇಟದೋರೊಬ್ರು ಕೂತವ್ರೆ. ಟೇಪ್ ಹಿಡೀನಿಲ್ಲ, ಅಂದ್ಮೇಲೆ ಮಾತ್ರೆ ಕಡೆಯೋರು." ನಕ್ಕರು. "ಹಿಡ್ಕಂಡೋರ್ಗೆ ಮಾತ್ರ ಅಂಗಿ ಕಣವ್ವ."

ಮೂರು ತಿಂಗಳಿಂದ ಇದೇ ಪರೀಕ್ಷೆಯಂತೆ. ಗಿರಾಕಿಗಳು ಇದನ್ನು ಹೊಸ ಬಗೆಯ ಅಳತೆ ಎಂದುಕೊಂಡಿದ್ದರು. ಕುಣಿಗಲ್ಲಿನಿಂದ ಬಂದ ಮದುವೆ ಮನೆಯವರೂ ತುದಿ ಹಿಡಿದು ಶಿಸ್ತಾಗಿ ನಿಂತಿದ್ದರಂತೆ. ಮನಶ್ಶಾಸ್ತ್ರ ಓದುತ್ತಿದ್ದ ನನಗೆ ಭ್ರಮೆ ಎಂಬ ಪದ ಗೊತ್ತಿತ್ತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಪ್ಪ ಅದನ್ನು ಹಿಡಿಯುವ ಉಪಾಯ ಮಾಡಿದ್ದರು.

"ಡಾಕ್ಟ್ರಿಗೆ ಹೇಳಾಣಪ್ಪ."

"ಹೇಳುದ್ರೆ ಮಾತ್ರೆ ಕಮ್ಮಿ ಮಾಡ್ತಾರೆ. ಕೈ ಹೋಯ್ತದೆ. ಕೈ ಹೋದ್ರೆ ನಾನ್ಯಾಕ್ ಬೇಕು?"

"ನಾಳೆ ಪೇಟದೋರೂ ಟೇಪ್ ಹಿಡ್ಕಂಡ್ರೆ?"

ಅಪ್ಪ ಮೆಷಿನ್ ನಿಲ್ಲಿಸಿದರು. ಹಾಗೆ ಕೇಳಬಾರದಿತ್ತು ಎಂದು ಅಂದೇ ಡೈರಿಯಲ್ಲಿ ಬರೆದಿದ್ದೇನೆ.

ಸೋಮವಾರ ನನಗೂ ಹೇಳದೆ ಬಸ್ಸು ಹತ್ತಿ ತುಮಕೂರಿಗೆ ಹೋಗಿ, ಒಂದೂ ಬಿಡದೆ ಡಾಕ್ಟರಿಗೆ ಹೇಳಿ ಬಂದರು. ಮಾತ್ರೆ ಕಡಿಮೆಯಾಯಿತು. ಬೆಂಚು ಕ್ರಮೇಣ ಖಾಲಿಯಾಯಿತು. ನಡುಕ ಅರ್ಧಕ್ಕರ್ಧ ವಾಪಸು ಬಂತು. ಅಲ್ಲಿಂದಾಚೆ ಅಪ್ಪ ಅಳತೆ ಹೇಳುತ್ತಿದ್ದರು, ಅಮ್ಮ ಕತ್ತರಿಸುತ್ತಿದ್ದಳು. ಅಂಗಡಿ ಮಾತ್ರ ಮುಚ್ಚಲಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ದನಿ ಏರುತ್ತದೆ. ಆ ಬಸ್ಸು ಹತ್ತುವ ಧೈರ್ಯ ನನಗಿರುತ್ತಿತ್ತೇ, ಗೊತ್ತಿಲ್ಲ.

ಒಂದು ಸಂಗತಿ ಬಹಳ ತಡವಾಗಿ ತಿಳಿಯಿತು. ಆ ಮೂರು ತಿಂಗಳೂ ಅಪ್ಪ ಬೆಳಿಗ್ಗೆ ಎದ್ದ ಕೂಡಲೇ ಅಮ್ಮನ ಕೈಗೂ ಟೇಪಿನ ತುದಿ ಕೊಡುತ್ತಿದ್ದರಂತೆ. ಅಪ್ಪ ಹೋದ ಮೇಲೆ ಒಮ್ಮೆ ಅಮ್ಮನನ್ನು ಕೇಳಿದೆ. ಅವಳು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ದಾರ ಕಚ್ಚಿ ತುಂಡರಿಸಿ, ಮುಂದಿನ ಗುಂಡಿ ಎತ್ತಿಕೊಂಡಳು. ನಾನು ಕೇಳಿದ್ದು ಇಷ್ಟೇ:

"ಅವ್ರು ಯಾಕ್ ಹಿಡ್ಸ್ತಿದ್ರು ಅಂತ ಗೊತ್ತಿದ್ದೇ ಹಿಡ್ಕಂತಿದ್ಯಾ ಅಮ್ಮ?"