ನಿಂಗರಾಜುವಿನ ಸಕ್ಕರೆ

ಹೊಟ್ಟೆಕಿಚ್ಚಿನಲ್ಲಿ ನಿಜಕ್ಕೂ ಕಿಚ್ಚು ಇದ್ದಿದ್ದರೆ ನನ್ನ ಹೊಟ್ಟೆ ಕಾಲೇಜಿನ ದಿನಗಳಲ್ಲೇ ಕರಗಿಹೋಗಬೇಕಿತ್ತು. ಹಾಸನದಲ್ಲಿ ನನ್ನ ಜೊತೆ ಓದುತ್ತಿದ್ದ ಶಾಂತಿಗ್ರಾಮದ ನಿಂಗರಾಜು ಓಟಗಾರ. ಯಾವ ಕ್ರೀಡಾಕೂಟಕ್ಕೆ ಹೋದರೂ ಕಪ್ಪು ಹಿಡಿದೇ ಬರುತ್ತಿದ್ದ. ಅವನು ಓಡುವಾಗ ಅವನ ಅಂಗಿ, ಚಪ್ಪಲಿ ಹಿಡಿದುಕೊಂಡು ಗೆರೆಯಾಚೆ ನಿಂತದ್ದೇ ನನ್ನ ಕ್ರೀಡಾ ಸಾಧನೆ. ಅದೂ ಮರೆತುಹೋಗುತ್ತಿತ್ತೇನೋ, ಆದರೆ ನಾನು ಮದುವೆಯಾದದ್ದು ಅದೇ ಕಾಲೇಜಿನ ಗಿರಿಜೆಯನ್ನು. ಮಹಡಿ ಹತ್ತಿ ನಾನು ಏದುಸಿರು ಬಿಟ್ಟಾಗಲೆಲ್ಲ ಅವಳು, "ಆ ನಿಂಗರಾಜು ಓಡೋದು ನೋಡ್ಬೇಕಿತ್ತು ಕಣ್ರೀ, ಥೇಟ್ ಜಿಂಕೆ!" ಎನ್ನುತ್ತಾಳೆ. ನೋಡದೆ ಏನು? ಜಿಂಕೆಯ ಚಪ್ಪಲಿ ನನ್ನ ಕೈಯಲ್ಲೇ ಇತ್ತು.

ಈಗ ನಾನು ಚನ್ನರಾಯಪಟ್ಟಣದಲ್ಲಿ ನಿವೃತ್ತ ಕನ್ನಡ ಮೇಷ್ಟ್ರು. ನಿಂಗರಾಜು ಅದೇ ಊರಿನಲ್ಲಿ ಪೈಪು, ಮೋಟಾರು ಮಾರುವ ಅಂಗಡಿ ಇಟ್ಟಿದ್ದಾನೆ. ಆ ರಸ್ತೆಯನ್ನು ನಾನು ಆದಷ್ಟೂ ತಪ್ಪಿಸುತ್ತಿದ್ದೆ.

ಹೋದ ವರ್ಷ ನನಗೆ ಸಕ್ಕರೆ ಕಾಯಿಲೆ ಬಂತು. ರಕ್ತದ ವರದಿ ಹಿಡಿದು ಡಾಕ್ಟರಮ್ಮನ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಕುರ್ಚಿಗೆ ಮೊದಲು ಒಂದು ದೊಡ್ಡ ಹೊಟ್ಟೆ ಬಂತು, ಅದರ ಹಿಂದೆ ನಿಂಗರಾಜು ಬಂದ.

"ಏನ್ಲಾ ಚಂದ್ರು, ನಿಂಗೂ ಸಕ್ರೆನಾ? ಎಷ್ಟೈತೆ?"

ಅವನ ವರದಿ ಇಣುಕಿ ನೋಡಿದೆ. ನನ್ನದಕ್ಕಿಂತ ಎಂಬತ್ತು ಹೆಚ್ಚು! ಅವನು ನನಗಿಂತ ಮುಂದಿರುವುದು ಜೀವನದಲ್ಲಿ ಮೊದಲ ಬಾರಿಗೆ ನನಗೆ ಸಂತೋಷ ಕೊಟ್ಟಿತು.

ಅವನನ್ನು ಒಳಗೆ ಕರೆದರು. ಬಾಗಿಲು ಅರ್ಧ ತೆರೆದೇ ಇತ್ತು. "ನಾನು ಓಟಗಾರ ಕಣ್ರಮ್ಮ, ನಂಗೆಂಗ್ ಬತ್ತದೆ ಇದು?" ಎಂದ.

"ಓಟಗಾರ ಆಗಿದ್ರಿ. ನಿಲ್ಲಿಸಿ ಎಷ್ಟು ವರ್ಷ ಆಯ್ತು?" ಎಂದರು ಡಾಕ್ಟರಮ್ಮ. "ಆವಾಗ ಓಡಿದ್ದನ್ನ ಮೈ ಈವರೆಗೂ ಕೂಡಿಟ್ಟುಕೊಂಡಿರಲ್ಲ."

ಅವನು ಬಗ್ಗಿ ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಅಷ್ಟು ವರ್ಷ ವ್ಯಾಕರಣ ಕಲಿಸಿದ ನನಗೂ ಭೂತಕಾಲ ಹೀಗೆ ನೋಯಿಸುತ್ತದೆಂದು ಗೊತ್ತಿರಲಿಲ್ಲ. ಆದರೂ ಮನೆಗೆ ಹೋಗಿ ಗಿರಿಜೆಗೆ ಎಲ್ಲವನ್ನೂ ರಸವತ್ತಾಗಿ ವರ್ಣಿಸಿದೆ. ಅವಳು "ಅಯ್ಯೋ, ಪಾಪ" ಎಂದಳು. ನನಗೆ ಸಕ್ಕರೆ ಬಂದಾಗ ಅವಳು ಅಂದದ್ದು, "ಅನ್ನ ಕಡಿಮೆ ಮಾಡಿ."

ಎರಡು ದಿನ ಬಿಟ್ಟು ನಿಂಗರಾಜು ಮನೆಗೇ ಬಂದ. "ದಿನಾ ನಡೀಬೇಕಂತೆ. ಒಬ್ನೇ ಓಗಕ್ಕೆ ನಾಚ್ಕೆ ಆಯ್ತದೆ ಕಣ್ಲಾ. ಅಂಗೆ ಓಡ್ತಿದ್ದೋನು ಎಂಗೆ ತೇಕ್ತಾವ್ನೆ ನೋಡು ಅಂತಾರೆ. ನೀನ್ ಜೊತೆಗಿದ್ರೆ..." ಎಂದು ನೆಲ ನೋಡಿದ. ನನ್ನ ಪಕ್ಕದಲ್ಲಿ ಯಾರು ನಡೆದರೂ ಓಟಗಾರರಂತೆಯೇ ಕಾಣುತ್ತಾರೆ ಎಂಬುದು ಅರ್ಥವಾಯಿತು. ಒಪ್ಪಿಕೊಂಡೆ.

ಮೊದಲ ತಿಂಗಳು ಕೆರೆ ಏರಿಯ ಮೇಲೆ ನಾನೇ ಮುಂದೆ. ಬೇಕೆಂದೇ ಹತ್ತು ಹೆಜ್ಜೆ ಮುಂದೆ ಹೋಗಿ, ಅವನು ತೇಕುವುದನ್ನು ತಿರುಗಿ ನೋಡಿ ಹಿಗ್ಗುತ್ತಿದ್ದೆ. ಮೂರನೆಯ ತಿಂಗಳಿಗೆ ಅವನ ಕಾಲಿಗೆ ಹಳೆಯದೆಲ್ಲ ನೆನಪಾದಂತಿತ್ತು. ಹೊಟ್ಟೆ ಕರಗಿತು, ಸಕ್ಕರೆ ನನ್ನದಕ್ಕಿಂತ ಕೆಳಗಿಳಿಯಿತು. ಡಾಕ್ಟರಮ್ಮ ಅವನಿಗೆ "ಭೇಷ್" ಎಂದರು. ನನಗೆ "ಪರವಾಗಿಲ್ಲ, ಮುಂದುವರಿಸಿ" ಎಂದರು. ಆ ವಾರವೆಲ್ಲ ನನಗೆ ಮಾತ್ರೆಗಿಂತ ಅವನ ವರದಿಯೇ ಕಹಿಯಾಗಿತ್ತು.

ಮೊನ್ನೆ ಬೆಳಿಗ್ಗೆ ಅವನು ಎಂದಿನಂತೆ ಬಹಳ ಮುಂದೆ ಹೋಗಿದ್ದ. ನನಗೆ ಉಸಿರು ಸಿಗುತ್ತಿರಲಿಲ್ಲ. ನೋಡಿದರೆ ಏರಿಯ ತಿರುವಿನಲ್ಲಿ ಬಗ್ಗಿ ಕೂತು ಶೂ ಕಟ್ಟುತ್ತಿದ್ದಾನೆ.

"ಈ ಲೇಸು ಬಿಚ್ಕೊಂಬುಡ್ತದೆ ಕಣ. ನೀನೇನ್ ಅವಸ್ರ ಮಾಡ್ಬ್ಯಾಡ, ನಿಧಾನ್ಕೆ ಬಾ," ಎಂದು ಕೂಗಿದ.

ನಿಧಾನಕ್ಕೇ ಹೋದೆ. ಹತ್ತಿರ ಹೋಗಿ ನೋಡಿದರೆ ಅವನ ಶೂಗೆ ಲೇಸೇ ಇರಲಿಲ್ಲ.

ಅವನ ಕಾಲುಗಳ ಮೇಲಿನ ಅಸೂಯೆಯನ್ನು ನಾನು ನಲವತ್ತು ವರ್ಷ ಹೇಗೋ ಸಾಕಿಕೊಂಡು ಬಂದಿದ್ದೇನೆ. ಈಗ ಅವನ ಮನಸ್ಸಿನ ಮೇಲೆ ಹೊಸದಾಗಿ ಹುಟ್ಟಿಕೊಂಡಿರುವುದನ್ನು ಕಳೆಯಲು ಮಾತ್ರ ಇನ್ನೂ ಎಷ್ಟು ದೂರ ನಡೆಯಬೇಕೋ.