ಕಾಕಾನ ಪುಕ್ಕಟೆ ಕರೆಂಟು

"ಒಳಗ ನಲವತ್ತು ವ್ಯಾಟ್ ಹೋಗಿ ಹೊರಗ ಐವತ್ತು ಬರಾಕತ್ತದ ನೋಡೋ! ಮೀಟರ್ ಸುಳ್ಳು ಹೇಳ್ತದೇನು?" ಒಳಬದಿಗೊಂದು, ಹೊರಬದಿಗೊಂದು ಮೀಟರ್ ಹಚ್ಚಿ ತಾವೇ ಜೋಡಿಸಿದ ಸರ್ಕ್ಯೂಟಿನ ಮುಂದೆ ರಂಗಂಪೇಟೆಯ ನಮ್ಮ ಕಾಕಾ ಕುಣಿಯುತ್ತಿದ್ದರು. ಪುಕ್ಕಟೆ ಕರೆಂಟು ಕಂಡುಹಿಡಿದೆನೆಂದು ಓಣಿಗೆಲ್ಲ ಪೇಢೆಯನ್ನೂ ಹಂಚಿಬಿಟ್ಟಿದ್ದರು. ಅದು ಆಗುವ ಮಾತಲ್ಲವೆಂದು ನಾನೆಂದೆ. ವಾದ ಜೋರಾಯಿತು.

ಚಹಾ ತಂದ ಕಾಕಿ, "ಸಂತ್ಯಾಗ ತಕ್ಕಡಿ ಮ್ಯಾಲ ಸಂಶೆ ಬಂದ್ರ ಕಲ್ಲು ಈ ಕಡಿ, ಉಳ್ಳಾಗಡ್ಡಿ ಆ ಕಡಿ ಹಾಕಸ್ತೀವಿ. ಎರಡೂ ಮೀಟರ್ ಅದಲುಬದಲು ಮಾಡಿ ನೋಡ್ರಿ" ಎಂದರು. ಮಾಡಿದೆವು. ಈಗ ಒಳಗೆ ಹೋಗುವುದೇ ಹೆಚ್ಚು, ಹೊರಗೆ ಬರುವುದು ಕಡಿಮೆ! ಸುಳ್ಳು ಹೇಳುತ್ತಿದ್ದುದು ಮೀಟರೇ. ಎಲ್ಲರಿಗಿಂತ ಮೊದಲು ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು: "ಓಣಿ ಮಂದಿಗಿ ಪೇಢೆನಾದ್ರೂ ಪುಕ್ಕಟೆ ಸಿಕ್ವಲ್ಲೋ!"

ಮನೆಯಲ್ಲಿ ನನ್ನ ದುಡಿಮೆಯೇ ಹೆಚ್ಚೆಂದು ನಾನು ಜಂಬ ಕೊಚ್ಚಿದಾಗಲೆಲ್ಲ ಹೆಂಡತಿ ಈಗ ನನ್ನ ಕೈಗೆ ಕಸಬರಿಗೆ ಕೊಟ್ಟು, "ಮೀಟರ್ ಬದಲಿ ಮಾಡಿ ನೋಡೂಣ ಬರ್ರಿ" ಎನ್ನುತ್ತಾಳೆ.